ಗೇಟಿನ ಗುಲ್‌ಮೊಹರ್ ಹೋಯಿತು, ಹಿತ್ತಿಲ ಮಾವು ಉಳಿಯಿತು

ಪದ್ಮನಾಭನಗರದಲ್ಲಿರುವ ನಮ್ಮ ಮನೆಯ ನಿವೇಶನ 40 × 60 ಅಡಿಯದು. ತಂದೆಯವರು ಎಂಬತ್ತರ ದಶಕದಲ್ಲಿ ಮನೆ ಕಟ್ಟಿಸಿದಾಗ ಗೇಟಿನ ಪಕ್ಕದಲ್ಲಿ ಒಂದು ಗುಲ್‌ಮೊಹರ್ ಸಸಿಯನ್ನೂ ಹಿತ್ತಿಲಿನಲ್ಲಿ ಒಂದು ಮಾವಿನ ಸಸಿಯನ್ನೂ ನೆಟ್ಟಿದ್ದರು. ಮೂವತ್ತು ವರ್ಷ ದಾಟುವಷ್ಟರಲ್ಲಿ ಎರಡೂ ತಾರಸಿಯ ಮೇಲಕ್ಕೆ ಚಾಚಿಕೊಂಡಿದ್ದವು. ಗುಲ್‌ಮೊಹರ್ ಬಗ್ಗೆ ಬೀದಿಯಲ್ಲಿ ಯಾರ ತಕರಾರೂ ಇರಲಿಲ್ಲ; ಏಪ್ರಿಲ್ ಕೊನೆಯಲ್ಲಿ ಅದು ಹೂಬಿಟ್ಟಾಗ ದಾರಿಹೋಕರು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದರು. ದೂರುಗಳೆಲ್ಲ ಮಾವಿನ ಮೇಲೆ. ಪಕ್ಕದ ಮನೆಯವರ ಸೋಲಾರ್ ಹೀಟರಿಗೆ ಅದರ ನೆರಳು ಬೀಳುತ್ತಿತ್ತು, ಅವರ ತಾರಸಿಯ ಮಳೆನೀರಿನ ಕೊಳವೆಗೆ ಅದರ ಎಲೆ ಸೇರುತ್ತಿತ್ತು, ಹೂವಿನ ಕಾಲದಲ್ಲಿ ಜಿಗಿಹುಳುಗಳ ಅಂಟು ಸುರಿದು ಅವರ ಕಾರಿನ ಮೇಲೆ ಕಪ್ಪು ಬೂಷ್ಟು ಕಟ್ಟುತ್ತಿತ್ತು. "ಕಡಿಸಿಬಿಡಿ, ನಿಮಗೂ ನೆಮ್ಮದಿ, ನಮಗೂ ನೆಮ್ಮದಿ" ಎಂದು ಅವರು ಹೇಳಿದ್ದು ಒಂದೆರಡು ಸಲವಲ್ಲ. ಆದರೆ ಬಲ್ಲವರೊಬ್ಬರು ಬಂದು ಎರಡನ್ನೂ ಪರೀಕ್ಷಿಸಿದ ಮೇಲೆ ಕಡಿಸಬೇಕಾಗಿ ಬಂದದ್ದು ಎಲ್ಲರೂ ಮೆಚ್ಚಿದ್ದ ಗುಲ್‌ಮೊಹರನ್ನು. ಎಲ್ಲರೂ ಬೈಯುತ್ತಿದ್ದ ಮಾವು ಈಗಲೂ ನಿಂತಿದೆ.

ಬೆಂಗಳೂರಿನಲ್ಲಿ ಮರದ ಬಗ್ಗೆ ಜನ ಯೋಚಿಸಲು ತೊಡಗುವುದು ಸಾಮಾನ್ಯವಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಮುಂಗಾರಿಗೆ ಮೊದಲು ಸಂಜೆಯ ಹೊತ್ತು ಗುಡುಗು ಸಿಡಿಲಿನೊಡನೆ ಬೀಸುವ ಗಾಳಿ ಸ್ವಲ್ಪ ಹೊತ್ತಿನದೇ ಆದರೂ ಅದರ ಹೊಡೆತ ಜೋರು. ಆ ದಿನಗಳಲ್ಲಿ ನಗರದ ಒಂದಲ್ಲ ಒಂದು ಬಡಾವಣೆಯಲ್ಲಿ ಮರ ಬಿದ್ದ ಸುದ್ದಿ ಬರುತ್ತಲೇ ಇರುತ್ತದೆ. ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿಯೂ ಅಂಥದೊಂದು ಸಂಜೆ ಕಾಪರ್ ಪಾಡ್ ಮರವೊಂದು ಬುಡಸಮೇತ ಉರುಳಿ ನಿಲ್ಲಿಸಿದ್ದ ವಾಹನಗಳ ಮೇಲೆ ಬಿತ್ತು. ಮರುದಿನದಿಂದಲೇ ಬೀದಿಯಲ್ಲಿ ಮರ ಕಡಿಸುವ ಮಾತು ಶುರುವಾಯಿತು. ಬಿದ್ದ ಮರದ ಬುಡವನ್ನು ಹತ್ತಿರ ಹೋಗಿ ನೋಡಿದವರು ಕಡಿಮೆ. ನಾನು ನೋಡಿದಾಗ ಒಂದು ಬದಿಯ ಬೇರುಗಳೆಲ್ಲ ಯಾವುದೋ ಹಳೆಯ ಅಗೆತದಲ್ಲಿ ನೇರವಾಗಿ ಕತ್ತರಿಸಿಹೋಗಿದ್ದು ಕಾಣಿಸಿತು. ತುದಿಗಳು ಕೊಳೆತು ಕಪ್ಪಾಗಿದ್ದವು. ಗಾಳಿ ಅದನ್ನು ಉರುಳಿಸಿದ್ದು ನಿಜವಾದರೂ ಅದು ಬೀಳುವುದು ಆ ಅಗೆತದ ದಿನವೇ ನಿಶ್ಚಯವಾಗಿತ್ತು ಎನ್ನಿಸಿತು. ನಮ್ಮ ಮನೆಯ ಮುಂದೆಯೂ ಕೆಲವು ವರ್ಷಗಳ ಹಿಂದೆ ಚರಂಡಿಯ ಕಾಮಗಾರಿ ನಡೆದಿತ್ತು. ಆ ಯೋಚನೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಅಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಪರಿಚಯದವರೊಬ್ಬರನ್ನು ಜೂನ್ ತಿಂಗಳಲ್ಲಿ, ಒಂದೆರಡು ಮಳೆ ಆದ ಮೇಲೆ, ಮನೆಗೆ ಕರೆದೆ. ಮಳೆ ಆಗಲಿ ಎಂದು ಹೇಳಿದವರು ಅವರೇ. ತೇವ ಬಂದ ಮೇಲೆ ಅಣಬೆಗಳು ಹೊರಗೆ ಕಾಣಿಸಿಕೊಳ್ಳುತ್ತವೆ ಎಂಬುದು ಅವರ ಲೆಕ್ಕ. ಅವರು ಬಂದವರು ಕೊಂಬೆಗಳ ಕಡೆ ಕತ್ತೆತ್ತಿಯೂ ನೋಡದೆ ಗುಲ್‌ಮೊಹರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಾಂಡಕ್ಕೆ ಒತ್ತಿಕೊಂಡಂತೆ ಹಾಕಿದ್ದ ಟೈಲ್ಸಿನ ಅಂಚಿನಲ್ಲಿ ಬೆಳೆದಿದ್ದ ಬಳ್ಳಿಯನ್ನು ಸರಿಸಿದರು. ಅಲ್ಲಿ ಅಂಗೈಯಗಲದ ಒಂದು ಅಣಬೆ ಮರಕ್ಕೆ ಅಂಟಿಕೊಂಡಿತ್ತು. ಮೇಲ್ಭಾಗ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು, ಅಂಚು ಬಿಳಿ. ಅದರ ಕೆಳಗಿದ್ದ ಬಳ್ಳಿಯ ಎಲೆಗಳ ಮೇಲೆ ಕೋಕೋ ಪುಡಿ ಉದುರಿಸಿದ ಹಾಗೆ ಕಂದು ಬಣ್ಣದ ಧೂಳು. ಬೆರಳಿನಿಂದ ಒರೆಸಿ ತೋರಿಸಿ, ಇದು ಗ್ಯಾನೋಡರ್ಮಾ, ಈ ಧೂಳು ಅದರ ಬೀಜಕಣ ಎಂದರು. ಬುಡ ಮತ್ತು ಬೇರಿನ ಮರವನ್ನು ಒಳಗಿನಿಂದ ಕೊಳೆಸುವ ಈ ಶಿಲೀಂಧ್ರಕ್ಕೆ ಗುಲ್‌ಮೊಹರ್ ಸುಲಭವಾಗಿ ಬಲಿಯಾಗುತ್ತದೆ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಬಹಳ ಮುಂದುವರಿದಿರುತ್ತದೆ, ಆ ಹಂತದಲ್ಲಿ ಔಷಧಿಯಿಂದ ಹಿಂದಿರುಗಿಸುವುದು ಸಾಧ್ಯವಿಲ್ಲ ಎಂದೂ ಹೇಳಿದರು.

ಆಮೇಲೆ ಅವರು ಚೀಲದಿಂದ ಒಂದು ಮರದ ಕೊಡತಿ ತೆಗೆದು ಕಾಂಡದ ಸುತ್ತ ಬುಡದಿಂದ ಎದೆಮಟ್ಟದವರೆಗೆ ತಟ್ಟುತ್ತಾ ಬಂದರು. ಮನೆಯ ಕಡೆಯ ಭಾಗದಲ್ಲಿ ಗಟ್ಟಿಯಾದ ಮೊಟಕು ಸದ್ದು. ಚರಂಡಿಯ ಕಡೆಗೆ ತಿರುಗುತ್ತಿದ್ದಂತೆ ಅದು ತಗ್ಗಿ, ಟೊಳ್ಳಾಗಿ, ಸ್ವಲ್ಪ ಹೊತ್ತು ಒಳಗೇ ಉಳಿಯುವಂತೆ ಕೇಳಿಸಿತು. ನನಗೂ ತಟ್ಟಲು ಕೊಟ್ಟರು. ಒಂದು ಗೇಣು ಅಂತರದಲ್ಲಿ ಸದ್ದು ಬದಲಾಗುವುದು ಏನೂ ತರಬೇತಿಯಿಲ್ಲದ ಕಿವಿಗೂ ತಿಳಿಯುತ್ತಿತ್ತು. ಬೇರು ಕವಲೊಡೆಯುವ ಜಾಗದಲ್ಲಿ ಒಂದು ತೆಳುವಾದ ಕಬ್ಬಿಣದ ಸರಳನ್ನು ಒತ್ತಿದಾಗ ಅದು ಹೆಚ್ಚು ಬಲವಿಲ್ಲದೆಯೇ ಒಳಗೆ ಇಳಿಯಿತು. ಕಾಂಡ ಟೊಳ್ಳಾದ ಮಾತ್ರಕ್ಕೆ ಮರ ಬೀಳುವುದಿಲ್ಲ, ಸುತ್ತಲೂ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದಷ್ಟಾದರೂ ದಪ್ಪವಿದ್ದರೆ ಅದು ಬಹುಕಾಲ ನಿಲ್ಲಬಲ್ಲದು ಎಂಬುದು ಈ ವಿದ್ಯೆಯವರು ಬಳಸುವ ಒಂದು ಸ್ಥೂಲವಾದ ಅಳತೆ. ನಮ್ಮ ಮರದ ತೊಂದರೆಯೆಂದರೆ ಗೋಡೆ ಒಂದು ಕಡೆ ಮಾತ್ರ ತೆಳುವಾಗಿತ್ತು ಮತ್ತು ಅದೇ ಕಡೆಯ ಬೇರುಗಳು ಕಾಮಗಾರಿಯಲ್ಲಿ ಕಡಿದುಹೋಗಿದ್ದವು. ಕೊಡೆಯ ಹಾಗೆ ಅಗಲವಾಗಿ ಹರಡಿದ ಅದರ ತಲೆ ಹಿಡಿಯುವ ಗಾಳಿಯನ್ನು ತಡೆಯಬೇಕಾದ ಜಾಗದಲ್ಲಿ ಹಿಡಿತವೇ ಇರಲಿಲ್ಲ. ಕೆಳಗೆ ಗೇಟು, ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು, ವಿದ್ಯುತ್ ತಂತಿ.

ಮರಕ್ಕೆ ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ಬದಿಯ ಬೇರು ಹೋದರೆ ಏನಾಯಿತು ಎಂದು ನಾನು ಕೇಳಿದೆ. ಇದು ನಮ್ಮಲ್ಲಿ ಬಹಳ ಮಂದಿಯ ನಂಬಿಕೆ. ಚರಂಡಿ, ಕೇಬಲ್, ಕೊಳವೆಗಾಗಿ ಅಗೆಯುವವರಿಗೂ ಇದೇ ಸಮಾಧಾನ. ಬೆಳೆದ ಮರದ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇರುತ್ತವೆ ಮತ್ತು ಕೊಂಬೆಗಳ ನೆರಳಿಗಿಂತ ಆಚೆಗೂ ಹರಡಿರುತ್ತವೆ ಎಂದು ಅವರು ಹೇಳಿದರು. ಕಾಂಡದ ವ್ಯಾಸ ಎಷ್ಟು ಇಂಚೋ ಅಷ್ಟು ಅಡಿ ದೂರದವರೆಗಾದರೂ ಅಗೆಯಬಾರದು ಎಂಬುದು ರೂಢಿಯ ಲೆಕ್ಕ. ಹಾಗೆ ನೋಡಿದರೆ ಬೆಂಗಳೂರಿನ ಯಾವ ಫುಟ್‌ಪಾತಿನ ಮರಕ್ಕೂ ಅಷ್ಟು ಜಾಗವಿಲ್ಲ. ಕಾಂಡದ ಸುತ್ತ ಒಂದು ಮೀಟರ್ ಜಾಗವನ್ನಾದರೂ ಕಾಂಕ್ರೀಟಿನಿಂದ ಬಿಡಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಆದೇಶಿಸಿತ್ತು. ಇಲ್ಲಿ ಮನೆಯವರೇ ಗುಡಿಸಲು ಸುಲಭವೆಂದು ಬುಡದ ತನಕ ಟೈಲ್ಸ್ ಹಾಕಿಸುತ್ತಾರೆ.

ಮಾವಿನ ಪರೀಕ್ಷೆ ಬೇಗ ಮುಗಿಯಿತು. ಅದು ಸ್ವಲ್ಪ ವಾಲಿತ್ತು. ಆದರೆ ವಾಲಿದ ಕಾಂಡ ಮೇಲಕ್ಕೆ ಹೋಗುತ್ತಾ ನೆಟ್ಟಗಾಗಿದ್ದರಿಂದ ಅದು ಎಳೆಯದಿದ್ದಾಗಲೇ ಬಿಸಿಲಿಗಾಗಿ ಹಾಗೆ ಬೆಳೆದದ್ದೆಂದು ತಿಳಿಯುತ್ತಿತ್ತು. ಇತ್ತೀಚೆಗೆ ವಾಲಿದ ಮರವಾದರೆ ಎದುರು ಬದಿಯ ಮಣ್ಣು ಬಿರುಕು ಬಿಟ್ಟಿರುತ್ತದೆ ಅಥವಾ ಉಬ್ಬಿರುತ್ತದೆ, ಇಲ್ಲಿ ಅಂಥದ್ದೇನೂ ಇರಲಿಲ್ಲ. ಬುಡ ಗಟ್ಟಿ, ಸುತ್ತ ತೆರೆದ ಮಣ್ಣು, ತಟ್ಟಿದರೆ ಎಲ್ಲ ಕಡೆಯೂ ಒಂದೇ ಸದ್ದು. ಎರಡು ಕೊಂಬೆಗಳಲ್ಲಿ ಬಂದಳಿಕೆ ಎಂಬ ಪರಾವಲಂಬಿ ಸಸ್ಯ ಬೆಳೆದಿತ್ತು, ತಾರಸಿಯ ಕಡೆಯ ಒಂದು ಉದ್ದ ಕೊಂಬೆ ಭಾರ ಹೆಚ್ಚಾಗಿ ಬಾಗಿತ್ತು. ಇದನ್ನು ಕಡಿಯಲು ನನಗೆ ಕಾರಣ ಕಾಣುವುದಿಲ್ಲ, ಸವರಲು ಮಾತ್ರ ಕಾರಣವಿದೆ ಎಂದು ಅವರು ಚಹಾ ಕುಡಿಯುತ್ತಾ ಹೇಳಿದರು.

ಗುಲ್‌ಮೊಹರ್ ನಮ್ಮ ಊರಿನದೆಂದೇ ನಾವು ಭಾವಿಸಿದ್ದರೂ ಅದು ಮಡಗಾಸ್ಕರ್ ದ್ವೀಪದ ಮರ. ಜಕರಂಡ, ಆಫ್ರಿಕನ್ ಟ್ಯುಲಿಪ್, ಮಳೆಮರ ಇವೆಲ್ಲವೂ ಹೊರಗಿನಿಂದ ಬಂದವು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ನಗರದಲ್ಲಿ ಒಂದರ ಹಿಂದೆ ಒಂದು ಜಾತಿ ಹೂಬಿಡುವಂತೆ ರಸ್ತೆಮರಗಳನ್ನು ಯೋಜಿಸಿದರು. ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳಿಂದ ಹೊಸ ಬಡಾವಣೆಗಳಿಗೆ ನೆರಳು ಬಂತು. ಆ ಉತ್ಸಾಹದಲ್ಲಿ ಮನೆ ಕಟ್ಟಿದವರೂ ಗೇಟಿನ ಪಕ್ಕ ಒಂದೊಂದು ಹೂಮರ ನೆಟ್ಟರು. ಆ ಪೀಳಿಗೆಯ ಮರಗಳಿಗೆ ಈಗ ನಲವತ್ತು ವರ್ಷ. ಬೇಗ ಬೆಳೆಯುವ, ಮೆದು ಮರದ ಗುಲ್‌ಮೊಹರಿಗೆ ಅದು ಮುಪ್ಪೇ. ಇನ್ನು ಹತ್ತು ವರ್ಷಗಳಲ್ಲಿ ನಮ್ಮ ಬಡಾವಣೆಗಳ ಬಹಳಷ್ಟು ಮನೆಗಳವರು ನಾನು ಎದುರಿಸಿದ ಪ್ರಶ್ನೆಯನ್ನೇ ಎದುರಿಸುತ್ತಾರೆ ಎಂದು ನನ್ನ ಅಂದಾಜು.

ಕಡಿಸುವವರನ್ನು ವಿಚಾರಿಸಲು ಹೊರಟಾಗ ಕೇಳಿದ ದರಗಳಲ್ಲಿ ಮೂರು ಪಟ್ಟು ವ್ಯತ್ಯಾಸವಿತ್ತು. ಎಲ್ಲಕ್ಕಿಂತ ಕಡಿಮೆ ಹೇಳಿದವನು, "ಪರ್ಮಿಷನ್ ಗಿರ್ಮಿಷನ್ ಏನೂ ಬೇಡ ಸಾರ್, ಭಾನುವಾರ ಬೆಳಿಗ್ಗೆ ಎಲ್ಲರೂ ಏಳೋದ್ರೊಳಗೆ ಮುಗಿಸ್ಬಿಡೋಣ" ಎಂದ. ಇನ್ನೊಬ್ಬರ ಸಲಹೆ ಬುಡಕ್ಕೆ ರಂಧ್ರ ಕೊರೆದು ಆಸಿಡ್ ಹಾಕಿಸಿ, ಮರ ತಾನಾಗಿಯೇ ಒಣಗಿದ ಮೇಲೆ ಅರ್ಜಿ ಕೊಡಿ ಎಂಬುದು. ನನ್ನ ಕಾಂಪೌಂಡಿನೊಳಗಿನ ಮರಕ್ಕೂ ಅನುಮತಿ ಬೇಕೆ ಎಂದು ಕೇಳುವವರು ಇನ್ನೂ ಇದ್ದಾರೆ. ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ; ಗುಲ್‌ಮೊಹರಿಗೆ ಇಲ್ಲ. ಕಡಿಯುವುದೆಂದರೆ ಬುಡದಿಂದ ಕತ್ತರಿಸುವುದಷ್ಟೇ ಎಂದೂ ತಿಳಿಯಬಾರದು. ಕಾಯ್ದೆಯ ವ್ಯಾಖ್ಯೆಯಲ್ಲಿ ಬೇರು ಕೀಳುವುದು, ಸುತ್ತ ತೊಗಟೆ ಸುಲಿಯುವುದು, ಕೊಂಬೆಗಳನ್ನು ಕತ್ತರಿಸುವುದು, ಸುಡುವುದು, ರಾಸಾಯನಿಕ ಹಾಕುವುದು ಎಲ್ಲವೂ ಸೇರಿವೆ. ಆಸಿಡ್ಡಿನ ಉಪಾಯ ಹೇಳಿದವರಿಗೆ ನಾನು ಈ ಸಾಲನ್ನೇ ಓದಿ ಹೇಳಿದೆ. ಅವರು ನಕ್ಕು ಸುಮ್ಮನಾದರು.

ಅನುಮತಿಗೆ ಆಧಾರವಾಗುವ ಕಾರಣಗಳೂ ಕಾಯ್ದೆಯಲ್ಲಿಯೇ ಇವೆ: ಮರ ಒಣಗಿರಬೇಕು, ರೋಗಪೀಡಿತವಾಗಿರಬೇಕು, ಗಾಳಿಗೆ ಬಿದ್ದಿರಬೇಕು, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿರಬೇಕು, ಸಂಚಾರಕ್ಕೆ ಅಡ್ಡಿಯಾಗಿರಬೇಕು, ಅಥವಾ ಬೆಂಕಿ, ಸಿಡಿಲು, ಮಳೆಯಂಥ ಕಾರಣಗಳಿಂದ ಬಹಳವಾಗಿ ಕೆಟ್ಟಿರಬೇಕು. ಎಲೆ ಉದುರುತ್ತದೆ, ಹಕ್ಕಿ ಗಲೀಜು ಮಾಡುತ್ತದೆ, ವಾಸ್ತುವಿಗೆ ಸರಿಹೊಂದುವುದಿಲ್ಲ ಎಂಬ ಕಾರಣಗಳು ಅದರಲ್ಲಿಲ್ಲ. ಪಕ್ಕದ ಮನೆಯವರಿಗೆ ಮಾವಿನ ವಿಷಯದಲ್ಲಿ ನಾನು ಕೊಡಬೇಕಾಗಿದ್ದ ಉತ್ತರವೂ ಇದೇ ಆದ್ದರಿಂದ, ನಾನು ಒರಟಾಗಿ ನಿರಾಕರಿಸುವ ಪ್ರಸಂಗ ತಪ್ಪಿತು. ಕೊಂಬೆ ಸವರುವುದೂ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಒಂದೇ ಅರ್ಜಿಯಲ್ಲಿ ಗುಲ್‌ಮೊಹರ್ ತೆಗೆಯುವುದಕ್ಕೂ ಮಾವನ್ನು ಸವರುವುದಕ್ಕೂ ಅನುಮತಿ ಕೋರಿದೆ.

ಆಗ ನಗರಕ್ಕೆಲ್ಲ ಒಂದೇ ಬಿಬಿಎಂಪಿ ಇತ್ತು, ಅರ್ಜಿ ಹೋಗಬೇಕಾದದ್ದು ಅದರ ಅರಣ್ಯ ಘಟಕಕ್ಕೆ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಾಗಿವೆ. ಈಗ ಅರ್ಜಿ ಕೊಡುವವರು ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಅರ್ಜಿಯ ಜೊತೆಗೆ ಖಾತಾ ಪ್ರತಿ, ತೆರಿಗೆ ರಸೀದಿ, ಗುರುತಿನ ಚೀಟಿ, ಮರಗಳು ಎಲ್ಲಿವೆ ಎಂದು ತೋರಿಸುವ ಕೈಬರಹದ ನಕ್ಷೆ ಇಟ್ಟೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಛಾಯಾಚಿತ್ರಗಳು. ಇಡೀ ಮರದ ಚಿತ್ರದಲ್ಲಿ ಅದು ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತಿತ್ತು. ಹಾಗಾಗಿ ಅಣಬೆಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದದ್ದು, ಸರಳು ಒಳಗೆ ಇಳಿದದ್ದು, ಚರಂಡಿಯ ಅಂಚಿನಲ್ಲಿ ಕಡಿದ ಬೇರಿನ ತುದಿ, ಇವುಗಳ ಹತ್ತಿರದ ಚಿತ್ರಗಳನ್ನು ಸೇರಿಸಿದ್ದೆ. ಸ್ಥಳ ಪರಿಶೀಲನೆಗೆ ಬಂದ ಸಿಬ್ಬಂದಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆ ಹಿಡಿದರು, ಅಣಬೆಯನ್ನು ನೋಡಿದರು, ತಾವೂ ಕಾಂಡ ತಟ್ಟಿ ನೋಡಿದರು. ಮಾವಿನ ಕಡೆ ತಿರುಗಿ, ಇದನ್ನೂ ತೆಗೆಸುತ್ತೀರಾ ಎಂದು ಕೇಳಿ, ಇಲ್ಲವೆಂದಾಗ ಅವರ ಮುಖದಲ್ಲಿ ಸಣ್ಣ ಆಶ್ಚರ್ಯ ಕಂಡಿತು. ಆದೇಶ ಬಂದಾಗ ಬದಲಿ ಸಸಿಗಳನ್ನು ನೆಟ್ಟು ಬೆಳೆಸಬೇಕೆಂಬ ಷರತ್ತೂ ಅದರಲ್ಲಿತ್ತು.

ಕೆಲಸವನ್ನು ಆಗಸ್ಟಿಗೆ ಇಟ್ಟುಕೊಂಡೆವು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆ ಜೋರು, ಅಷ್ಟರೊಳಗೆ ಮುಗಿಸಬೇಕಿತ್ತು. ಮಾವಿನ ಹಣ್ಣಿನ ಕಾಲವೂ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಗುಲ್‌ಮೊಹರಿನ ಒಂದು ಒಣಕೊಂಬೆಯಲ್ಲಿ ಕುಟ್ರುಹಕ್ಕಿ ಕೊರೆದ ದುಂಡು ರಂಧ್ರವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ ಮತ್ತು ಗೂಡಿಗೆ ಹಾನಿ ಮಾಡುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಮರಿಗಳಿದ್ದರೆ ಯಾರಿಗೆ ತಾನೆ ಕೈ ಬರುತ್ತದೆ? ಕೆಲವು ಬೆಳಿಗ್ಗೆ ತಾರಸಿಯಲ್ಲಿ ನಿಂತು ನೋಡಿ, ಹಕ್ಕಿಗಳ ಓಡಾಟವಿಲ್ಲವೆಂದು ಖಚಿತಪಡಿಸಿಕೊಂಡೆವು.

ಕೊನೆಗೆ ನಾವು ಗೊತ್ತುಮಾಡಿದ ತಂಡದ ಮೇಸ್ತ್ರಿ, ಕೊಳೆತ ಮರವೆಂದು ಹೇಳಿದ ಕೂಡಲೇ, "ಹಾಗಾದರೆ ಹುಡುಗರನ್ನು ಹತ್ತಿಸೋದಿಲ್ಲ, ಬಕೆಟ್ ಗಾಡಿ ತರ್ತೀನಿ" ಎಂದದ್ದೇ ಅವರನ್ನು ಆರಿಸಲು ಕಾರಣ. ಬುಡ ಕೊಳೆತ ಮರವನ್ನು ಹತ್ತಿ, ಅದಕ್ಕೇ ಹಗ್ಗ ಬಿಗಿದು, ಕೊಂಬೆ ಇಳಿಸುವುದು ಕೆಲಸದವರ ಜೀವದ ಜೊತೆ ಆಡುವ ಆಟ. ಕಡಿಮೆ ದರ ಹೇಳಿದವರ ಲೆಕ್ಕದಲ್ಲಿ ಹೆಲ್ಮೆಟ್, ಸೊಂಟಪಟ್ಟಿ, ವಿಮೆ ಯಾವುದೂ ಇರಲಿಲ್ಲ. ದರದ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಆಗ ತಿಳಿಯಿತು. ಬೆಸ್ಕಾಂ ಉಪವಿಭಾಗಕ್ಕೆ ಮೊದಲೇ ಬರೆದುಕೊಟ್ಟಿದ್ದರಿಂದ ಆ ಬೆಳಿಗ್ಗೆ ನಮ್ಮ ಬೀದಿಯ ತಂತಿಯಲ್ಲಿ ವಿದ್ಯುತ್ ನಿಲ್ಲಿಸಿದರು. ಬೀದಿಯವರೆಲ್ಲ ಹಿಂದಿನ ರಾತ್ರಿಯೇ ಕಾರುಗಳನ್ನು ಆಚೆ ನಿಲ್ಲಿಸಿದ್ದರು.

ಮರವನ್ನು ಬೀಳಿಸುವುದೆಂದರೆ ಬುಡಕ್ಕೆ ಕೊಡಲಿ ಹಾಕಿ ಹಗ್ಗ ಎಳೆಯುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿರುತ್ತದೆ. ತೆರೆದ ಬಯಲಿನಲ್ಲಿ ಹಾಗೆ ಮಾಡುವಾಗ ಬೀಳಬೇಕಾದ ಕಡೆಗೆ ಮೊದಲು ಒಂದು ಕಚ್ಚು ತೆಗೆದು, ಹಿಂದಿನಿಂದ ಕೊಯ್ಯುತ್ತಾ ಬಂದು, ನಡುವೆ ಒಂದು ಪಟ್ಟಿಯಷ್ಟು ಮರವನ್ನು ಕೊಯ್ಯದೆ ಬಿಡುತ್ತಾರೆ. ಆ ಪಟ್ಟಿಯೇ ಮರ ಯಾವ ಕಡೆಗೆ ಬಾಗಬೇಕೆಂಬುದನ್ನು ಹಿಡಿದಿಡುತ್ತದೆ. ಒಳಗೆ ಕೊಳೆತ ಮರದಲ್ಲಿ ಆ ಪಟ್ಟಿಯನ್ನು ನಂಬುವಂತಿಲ್ಲ. ಆದ್ದರಿಂದ ತುದಿಯಿಂದ ಕೆಳಕ್ಕೆ, ತುಂಡು ತುಂಡಾಗಿ ಇಳಿಸಿದರು. ಬಕೆಟ್ಟಿನಲ್ಲಿ ನಿಂತವನು ಕೊಂಬೆಗೆ ಹಗ್ಗ ಕಟ್ಟುತ್ತಿದ್ದ. ಆ ಹಗ್ಗವನ್ನು ಪಕ್ಕದ ಫುಟ್‌ಪಾತಿನ ಮಳೆಮರದ ಕವಲಿನ ಮೂಲಕ ಹಾಯಿಸಿ, ಅದರ ಬುಡಕ್ಕೆ ತೊಗಟೆ ಸವೆಯದಂತೆ ಗೋಣಿಚೀಲ ಸುತ್ತಿ ಅದರ ಮೇಲೆ ಹಗ್ಗವನ್ನು ಎರಡು ಸುತ್ತು ಹಾಕಿ, ಕೆಳಗಿನ ಇಬ್ಬರು ಸಡಿಲಿಸುತ್ತಾ ಇಳಿಸುತ್ತಿದ್ದರು. ಎರಡು ಸುತ್ತಿನ ಬಿಗಿಯಿಂದಾಗಿ ಭಾರದ ಕೊಂಬೆಯೂ ಗೇಟಿನ ಮೇಲೆ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯಿತು. ಇಡೀ ಹೊತ್ತು ಮೇಸ್ತ್ರಿ ಮಾಡಿದ ಕೆಲಸ ಒಂದೇ: ಇಳಿಯುವ ಕೊಂಬೆಯ ಕೆಳಗೆ ಯಾರೂ ಬರದಂತೆ ಕೂಗುತ್ತಿರುವುದು.

ಕೊನೆಯ ಕಾಂಡವನ್ನು ಮೊಳಕಾಲೆತ್ತರದಲ್ಲಿ ಕೊಯ್ದಾಗ ಒಳಗಿನ ಚಿತ್ರ ಸ್ಪಷ್ಟವಾಗಿ ಕಂಡಿತು. ಮನೆಯ ಕಡೆ ಒಂದು ಗೇಣು ದಪ್ಪದ ತಿಳಿಬಣ್ಣದ ಗಟ್ಟಿ ಮರ. ಚರಂಡಿಯ ಕಡೆಗೆ ಬರುತ್ತಾ ಅದು ತೆಳುವಾಗಿ ಎರಡು ಬೆರಳಿನಷ್ಟೇ ಉಳಿದಿತ್ತು. ನಡುವೆ ಒದ್ದೆಯಾದ, ನಾರುನಾರಾದ, ಕೈಯಲ್ಲಿ ಹಿಚುಕಿದರೆ ನೀರು ಒಸರುವ ಬಿಳಿಚಿದ ಪದಾರ್ಥ. ಗಟ್ಟಿ ಮರಕ್ಕೂ ಕೊಳೆತಕ್ಕೂ ನಡುವೆ ಕಪ್ಪು ಗೆರೆಯೊಂದು ಹರಿದಿತ್ತು. ಮರವನ್ನು ಕಡಿಸಿದ್ದಕ್ಕೆ ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದ ಎದುರು ಮನೆಯ ಹಿರಿಯರು ಆ ಬುಡದ ಮುಂದೆ ಬಹಳ ಹೊತ್ತು ನಿಂತು, ಕೊಡೆಯ ತುದಿಯಿಂದ ಕೊಳೆತ ಭಾಗವನ್ನು ಕೆದಕಿ ನೋಡಿ, "ಮೇಲೆ ಇಷ್ಟು ಹಸಿರಾಗಿತ್ತಲ್ಲ" ಎಂದರು. ಹಸಿರಾಗಿಯೇ ಇರುತ್ತದೆ. ನೀರು ಸಾಗಿಸುವುದು ತೊಗಟೆಗೆ ಹತ್ತಿರದ ಹೊರಪದರದ ಮರ. ಅದು ಇರುವಷ್ಟು ಕಾಲ ಎಲೆಯೂ ಬರುತ್ತದೆ, ಹೂವೂ ಬರುತ್ತದೆ. ಭಾರ ಹೊರುವ ಶಕ್ತಿ ಬೇರೆ ಲೆಕ್ಕ.

ಮರದ ತುಂಡುಗಳಿಗೆ ಗಿರಾಕಿ ಇರಲಿಲ್ಲ. ಗುಲ್‌ಮೊಹರ್ ಪೀಠೋಪಕರಣಕ್ಕೆ ಬರುವುದಿಲ್ಲ, ಸೌದೆಯಾಗಿ ಹೋಯಿತು. ಸಣ್ಣ ಕೊಂಬೆ ಮತ್ತು ಎಲೆಗಳನ್ನು, ಕೊಳೆತ ಭಾಗ ಸೇರದಂತೆ ಬೇರ್ಪಡಿಸಿ, ಹಿತ್ತಿಲಲ್ಲಿಯೇ ಹೊದಿಕೆಯಾಗಿ ಹಾಸಿದೆವು.

ಮಾವಿನ ಕೆಲಸ ಮರುದಿನ. ಇಲ್ಲಿ ಹತ್ತುವವರು ಬೇಕಿತ್ತು, ಹತ್ತಿದವರಿಗೆ ಎದುರಾದದ್ದು ಕೆಂಜಿಗ. ಎಲೆಗಳನ್ನು ಹೆಣೆದು ಮಾಡಿದ ಗೂಡುಗಳಿಂದ ಅವು ಇಳಿದು ಮುತ್ತಿಕೊಂಡ ವೇಗಕ್ಕೆ, ಬಂದ ಹುಡುಗ ಎರಡು ಸಲ ಕೆಳಗಿಳಿದು ಮೈ ಕೊಡವಿಕೊಂಡ. ಮಾವಿನ ಸೊನೆ ಚರ್ಮವನ್ನು ಸುಡುವುದರಿಂದ ಪೂರ್ಣ ತೋಳಿನ ಅಂಗಿ ಹಾಕಿಸಿದ್ದೆವು. ನಮ್ಮಲ್ಲಿ ಸವರುವುದೆಂದರೆ ತಲೆಯನ್ನೇ ಬೋಳಿಸುವುದು ಎಂಬ ರೂಢಿಯಿದೆ. ಪೇಟೆಯ ಎಷ್ಟೋ ಮರಗಳು ಮೊಂಡು ಕೈಗಳನ್ನೆತ್ತಿ ನಿಂತಿರುವುದು ಇದರಿಂದಲೇ. ಹಾಗೆ ಮೊಂಡಾಗಿಸಿದ ಜಾಗದಿಂದ ಮರ ಗಾಬರಿಯಲ್ಲಿ ಚಿಗುರಿಸುವ ನೆಟ್ಟನೆಯ ಕೋಲುಗಳು ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ನಾಲ್ಕು ವರ್ಷದಲ್ಲಿ ಅವು ದಪ್ಪವಾಗಿ, ಒಂದು ಗಾಳಿಗೆ ಕಳಚಿ ಬೀಳುತ್ತವೆ. ಅಪಾಯ ಕಡಿಮೆ ಮಾಡಲೆಂದು ಮಾಡಿದ ಕೆಲಸದಿಂದಲೇ ಹೊಸ ಅಪಾಯ ಹುಟ್ಟುತ್ತದೆ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ ಎಂದು ನಮ್ಮ ಪರಿಚಯದವರು ಹೇಳಿದ್ದರು, ನಾವು ಅಷ್ಟೂ ತೆಗೆಯಲಿಲ್ಲ.

ತಾರಸಿಯ ಕಡೆಗೆ ಬಾಗಿದ್ದ ಕೊಂಬೆಯನ್ನು ತೆಗೆದ ರೀತಿಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಕೊರಳೊಂದು ಇರುತ್ತದೆ. ಮೊದಲು ಕೊರಳಿನಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ ಅರ್ಧದಷ್ಟು ಕೊಯ್ದರು. ಅದಕ್ಕಿಂತ ಇನ್ನೂ ಸ್ವಲ್ಪ ಆಚೆ, ಮೇಲಿನಿಂದ ಕೊಯ್ದಾಗ ಕೊಂಬೆ ಮುರಿದು ಬಿತ್ತು; ಕೆಳಗಿನ ಕೊಯ್ತ ಮೊದಲೇ ಇದ್ದುದರಿಂದ ಬೀಳುವಾಗ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗಲಿಲ್ಲ. ಉಳಿದ ಮೋಟನ್ನು ಮೂರನೆಯ ಸಲ ಕೊರಳಿಗೆ ತಾಗದಂತೆ, ಆದರೆ ಅದರ ಅಂಚಿಗೇ ಸರಿಯಾಗಿ ತೆಗೆದರು. ಕೊರಳನ್ನು ಕತ್ತರಿಸಿದರೆ ಗಾಯ ಮುಚ್ಚುವ ಅಂಗಾಂಶವೇ ಹೋಗುತ್ತದೆ. ಮೋಟು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡುತ್ತದೆ. ಮರಕ್ಕೆ ಗಾಯ ಮಾಯುವುದೆಂಬುದಿಲ್ಲ. ಅದು ಕೆಟ್ಟ ಭಾಗದ ಸುತ್ತ ಒಳಗೆ ಗೋಡೆ ಕಟ್ಟಿಕೊಂಡು, ಹೊರಗಿನಿಂದ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಡಾಂಬರು, ಬಣ್ಣ ಬಳಿಯುವುದರಿಂದ ಈ ಕೆಲಸಕ್ಕೆ ಸಹಾಯವಾಗುವುದಿಲ್ಲ ಎಂದು ಮರ ವಿದ್ಯೆಯವರು ಹೇಳುತ್ತಾರೆ. ಮಾವಿನ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ಮುಲಾಮು ಹಚ್ಚುವ ಪದ್ಧತಿ ಬಹಳ ಹಿಂದಿನದು. ಮಳೆಗಾಲವಾದ್ದರಿಂದ ದೊಡ್ಡ ಕೊಯ್ತಗಳಿಗೆ ಮಾತ್ರ ನಾವು ಅದನ್ನು ಹಚ್ಚಿದೆವು. ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದ ಹಾಗಾಯಿತು.

ಬಂದಳಿಕೆಯಿದ್ದ ಎರಡು ಕೊಂಬೆಗಳನ್ನು ಅದು ಅಂಟಿದ್ದ ಜಾಗಕ್ಕಿಂತ ಸಾಕಷ್ಟು ಕೆಳಗೆ ತೆಗೆಯಬೇಕಾಯಿತು. ಎಲೆ ಕಿತ್ತರೆ ಅದು ಮತ್ತೆ ಚಿಗುರುತ್ತದೆ, ಏಕೆಂದರೆ ಅದರ ಬೇರು ಮಾವಿನ ಮರದೊಳಗೇ ಇಳಿದಿರುತ್ತದೆ. ಬದನಿಕೆ ಎಂಬ ಹೆಬ್ಬೆರಳಿನ ಗಾತ್ರದ ಹಕ್ಕಿ ಇದರ ಹಣ್ಣು ತಿಂದು, ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಆದ್ದರಿಂದ ಇದು ಮತ್ತೆ ಬರುವುದಿಲ್ಲವೆಂದು ಹೇಳಲಾಗದು, ವರ್ಷಕ್ಕೊಮ್ಮೆ ನೋಡಿಕೊಳ್ಳುವುದಷ್ಟೇ ದಾರಿ. ಪಕ್ಕದ ಮನೆಯವರ ಸೋಲಾರ್ ಹೀಟರಿಗೆ ಮಧ್ಯಾಹ್ನದವರೆಗಿನ ಬಿಸಿಲು ಸಿಕ್ಕಿತು. ಎಲೆಯ ದೂರು ಉಳಿದೇ ಇದೆ. ಕೊಳವೆಯ ಬಾಯಿಗೆ ನಾನೇ ಒಂದು ಜಾಲರಿ ಹಾಕಿಸಿಕೊಟ್ಟೆ.

ಬದಲಿ ಸಸಿಗಳ ವಿಷಯದಲ್ಲಿ ಮನೆಯಲ್ಲಿ ಚರ್ಚೆ ನಡೆಯಿತು. ಅದೇ ಜಾಗದಲ್ಲಿ ಮತ್ತೊಂದು ಗುಲ್‌ಮೊಹರ್ ಬೇಕೆಂದು ಮಗಳ ಆಸೆ. ನೆಲದೊಳಗಿನ ಹಳೆಯ ಬೇರುಗಳಲ್ಲಿ ಶಿಲೀಂಧ್ರ ವರ್ಷಗಟ್ಟಲೆ ಬದುಕುವುದರಿಂದ ಅದು ಸಾಧ್ಯವಿರಲಿಲ್ಲ. ಬುಡವನ್ನೂ ಕೈಗೆ ಸಿಕ್ಕಷ್ಟು ಬೇರುಗಳನ್ನೂ ಅಗೆಸಿ ತೆಗೆದು, ಆ ಗುಂಡಿಯನ್ನು ಬಿಸಿಲಿಗೆ ಬಿಟ್ಟಿದ್ದೇವೆ. ಗೇಟಿನ ಇನ್ನೊಂದು ಬದಿಯಲ್ಲಿ, ತಂತಿಯ ಎತ್ತರಕ್ಕೆ ಹೋಗದ ಪಾರಿಜಾತ. ತಂತಿಯಿಂದ ದೂರದ ಮೂಲೆಯಲ್ಲಿ ಹೊಂಗೆ. ನರ್ಸರಿಯ ಪ್ಲಾಸ್ಟಿಕ್ ಚೀಲ ಬಿಡಿಸಿದಾಗ ಹೊಂಗೆಯ ಬೇರು ಒಳಗೇ ಸುತ್ತಿಕೊಂಡಿತ್ತು. ಹಾಗೆಯೇ ನೆಟ್ಟರೆ ಅದು ಮುಂದೆ ತನ್ನ ಕಾಂಡವನ್ನೇ ಬಿಗಿಯುತ್ತದೆಂದು ಸುತ್ತಿದ ಬೇರುಗಳನ್ನು ಕತ್ತರಿಸಿ ಬಿಡಿಸಿ ನೆಟ್ಟೆವು. ಬೇರು ಹೊರಡುವ ಜಾಗ ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು, ಹೂಳಬಾರದು. ಊರುಗೋಲನ್ನು ಸಸಿ ಸ್ವಲ್ಪ ಅಲುಗಾಡುವಷ್ಟು ಸಡಿಲವಾಗಿ ಕಟ್ಟಿದ್ದೇವೆ, ಏಕೆಂದರೆ ಅಲುಗಾಡಿದರೇ ಕಾಂಡಕ್ಕೆ ಬಲ ಬರುವುದು; ಮುಂದಿನ ಮಳೆಗಾಲಕ್ಕೆ ಅದನ್ನು ಕೀಳಬೇಕು.

ಹೊಂಗೆಯ ಸುತ್ತ ಒಂದು ಮೀಟರ್ ಜಾಗದಲ್ಲಿ ಟೈಲ್ಸ್ ಕೀಳಿಸಿದ್ದೇನೆ. ಅಲ್ಲಿ ಎರಡನೆಯ ಕಾರಿಗೆ ಜಾಗವಾಗುತ್ತಿತ್ತು ಎಂದು ಮನೆಯಲ್ಲಿ ಈಗಲೂ ಒಬ್ಬರು ಹೇಳುತ್ತಾರೆ. ಎದುರು ಮನೆಯ ಹಿರಿಯರು ಕಳೆದ ವಾರ ಬಂದು ಕೊಡತಿ ಕೇಳಿದರು, ಅವರ ಗೇಟಿನ ಪಕ್ಕದ ಕಾಪರ್ ಪಾಡ್ ತಟ್ಟಿ ನೋಡಬೇಕಂತೆ. ಕೊಟ್ಟಿದ್ದೇನೆ, ಇನ್ನೂ ವಾಪಸು ಬಂದಿಲ್ಲ.